ಇಕ್ಕಳದ ಹುಳವೂ ನಾಲ್ಕನೇ ಬಾಟಲಿಯೂ

ನೀರು ಸರಬರಾಜು ಕೇಂದ್ರದ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಹುದ್ದೆ ಇದ್ದದ್ದು ಒಂದೇ. ಇಪ್ಪತ್ತಾರು ವರ್ಷಗಳಿಂದ ಆ ಹುದ್ದೆಯಲ್ಲಿ ಬಾಟ್ಲಕ್ಕ ಇದ್ದಳು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಬಡಗಿ ಕೆಲಸದ ಅವಳ ಗಂಡ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ, ಸಿಟ್ಟು ಇಳಿದ ಮೇಲೆ ಏನೂ ಕರೆಯುತ್ತಿರಲಿಲ್ಲ.

ಊರಿಗೆ ನೀರು ಏಳು ಕಡೆಯಿಂದ ಬರುತ್ತಿತ್ತು. ಆದ್ದರಿಂದ ದಿನವೂ ಏಳು ಬಾಟಲಿ. ಮಾದರಿ ತರುವವನು ಬೆಳಿಗ್ಗೆ ಮರದ ಪೆಟ್ಟಿಗೆಯಲ್ಲಿ ಅವನ್ನು ತಂದಿಡುತ್ತಿದ್ದ. ಹನ್ನೊಂದರ ಹೊತ್ತಿಗೆ ಕೆಮಿಸ್ಟ್ ಮೇಡಂ ತಮಗೆ ಬೇಕಾದಷ್ಟು ನೀರು ತೆಗೆದುಕೊಂಡು ಉಳಿದದ್ದನ್ನು ಮಾರನೆಯ ದಿನದವರೆಗೆ ಹಾಗೆಯೇ ಇಡುತ್ತಿದ್ದರು. ಆಮೇಲೆ ಬಾಟ್ಲಕ್ಕನ ಕೆಲಸ: ಚೆಲ್ಲು, ಬ್ರಷ್ ಹಾಕು, ಆಮ್ಲದಲ್ಲಿ ಅದ್ದು, ನಲ್ಲಿ ನೀರಲ್ಲಿ ಮೂರು ಸಲ ಗಲಬರಿಸು, ಬಟ್ಟಿ ಇಳಿಸಿದ ನೀರಲ್ಲಿ ಒಂದು ಸಲ, ಬೋರಲು ಹಾಕು.

ಇಪ್ಪತ್ತಾರು ವರ್ಷ ಅದೇ ಏಳು ಕಡೆಯ ಬಾಟಲಿ ತೊಳೆದವಳಿಗೆ ಅವುಗಳ ಗುಣ ಗೊತ್ತಾಗದೆ ಇರುತ್ತದೆಯೇ? ಒಂದನೆಯದರ ಕತ್ತಿನಲ್ಲಿ ತುಕ್ಕಿನ ಗೆರೆ. ಐದನೆಯದು ಕೊಳವೆಬಾವಿ, ತಳದಲ್ಲಿ ಸುಣ್ಣ ಕಚ್ಚಿಕೊಂಡಿರುತ್ತಿತ್ತು. ಏಳನೆಯದು ಅಧಿಕಾರಿಗಳ ಕಾಲೋನಿಯ ಪಕ್ಕದ ಕೆರೆ. ಅದರ ಒಳಗೋಡೆಗೆ ಕೈಗೆ ಜಾರುವಂಥ ಲೋಳೆ, ಎರಡು ಸಲ ಬ್ರಷ್ ಹಾಕಿದರೂ ಮೂರನೆಯದಕ್ಕೆ ಕಾಯುತ್ತಿತ್ತು. ನಾಲ್ಕನೆಯದು ಗುಡ್ಡದ ಆಚೆಯ ಹಳ್ಳ. ಅದರಲ್ಲಿ ತೊಳೆಯುವುದಕ್ಕೇ ಏನೂ ಇರುತ್ತಿರಲಿಲ್ಲ. ಆದರೂ ನಿಯಮ ಅಂದರೆ ನಿಯಮ ಎಂದು ಅವಳು ಅದನ್ನೂ ಉಳಿದವುಗಳಷ್ಟೇ ಹೊತ್ತು ತೊಳೆಯುತ್ತಿದ್ದಳು.

ಆ ಹಳ್ಳವನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಅದರ ನೀರನ್ನು ಮಾತ್ರ ವರ್ಷಗಟ್ಟಲೆ ಸಿಂಕಿಗೆ ಸುರಿದಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವಳು ಕೆಲಸಕ್ಕೆ ಬಂದಾಗ ಕಾವಲುಗಾರ ಗೇಟಿನ ಒಳಗಿರುವ ಬದಲು ಹೊರಗೆ ನಿಂತಿದ್ದ. ಗೇಟಿಗೆ ಬೀಗ ಹಾಕಿತ್ತು, ಬೀಗದ ಕೈ ಅವನ ಕೈಯಲ್ಲೇ ಇತ್ತು.

"ಏನಣ್ಣ, ಯಾರನ್ನ ಒಳಗೆ ಕೂಡಿ ಹಾಕಿದ್ದೀಯ?"

"ಪಂಪಿನ ಮನೆ ಗೋಡೆ ಮೇಲೆ ಕೂತಿದೆ. ನೀನೇ ನೋಡ್ಕೋ. ನನಗೆ ಎರಡು ಮಕ್ಕಳಿದಾರೆ."

ಬೀಗ ತೆಗೆಸಿ ಒಳಗೆ ಹೋಗಿ ನೋಡಿದರೆ, ರಾತ್ರಿಯಿಡೀ ಉರಿದ ದೀಪದ ಕೆಳಗೆ, ಸುಣ್ಣದ ಗೋಡೆಯ ಮೇಲೆ ಅದು ಕೂತಿತ್ತು. ರೆಕ್ಕೆ ಮಡಚಿದಾಗಲೇ ಅಂಗೈಗಿಂತ ಉದ್ದ. ಬಿಡಿಸಿದಾಗ ಒಂದು ಗೇಣು ಮೀರಿತು. ಬೂದಿ ಬಣ್ಣದ ತೆಳು ರೆಕ್ಕೆಗೆ ಹಳದಿ ಚುಕ್ಕೆ. ತಲೆಯ ಮುಂದೆ ಬೆರಳುದ್ದದ ಎರಡು ಕೊಕ್ಕೆ, ಕುಲುಮೆಯವನು ಮಾಡಿಟ್ಟ ಇಕ್ಕಳದ ಹಾಗೆ ಒಂದರ ಮೇಲೊಂದು ಬಾಗಿದ್ದವು. ಕಾವಲುಗಾರ ತನ್ನ ಚಪ್ಪಲಿಯೊಂದನ್ನು ಉದ್ದನೆಯ ಕೋಲಿನಿಂದ ಅದರ ಪಕ್ಕಕ್ಕೆ ಎತ್ತಿ ಹಿಡಿದು, ಅಳತೆ ಗೊತ್ತಾಗಲಿ ಅಂತ, ಆಗಲೇ ಒಂದು ಫೋಟೋ ತೆಗೆದಿದ್ದ.

ಬಾಟ್ಲಕ್ಕನಿಗೆ ಹೆದರಿಕೆ ಆಗಲಿಲ್ಲ ಅಂತಲ್ಲ. ಆದರೆ ಎಂಟು ಹತ್ತಕ್ಕೆ ಬಟ್ಟಿ ನೀರಿನ ಒಲೆ ಹಚ್ಚಬೇಕಿತ್ತು. ಅವಳು ಬಾಟಲಿ ಹಿಡಿಯುವ ರಬ್ಬರ್ ಕೈಗವಸು ಹಾಕಿಕೊಂಡು, ಹುಳವನ್ನು ಬೆನ್ನಿನ ಹತ್ತಿರ ಮೆತ್ತಗೆ ಹಿಡಿದು ಎತ್ತಿದಳು. ಅದು ಕಾಲು ಆಡಿಸಿ, ಬೆರಳನ್ನು ಕೊಕ್ಕೆಯಲ್ಲಿ ಹಿಡಿಯಿತು. ಹಿಡಿತ ಎಷ್ಟು ಸಡಿಲವಾಗಿತ್ತೆಂದರೆ ಮಗು ಬೆರಳು ಹಿಡಿದ ಹಾಗಿತ್ತು.

ಆ ಹೊತ್ತಿಗೆ ದೊಡ್ಡ ಸಾಹೇಬರ ಜೀಪು ಒಳಗೆ ಬಂತು. ಕೇಂದ್ರಕ್ಕೆಲ್ಲ ಅವರೇ ಮುಖ್ಯಸ್ಥರು. ಸಾಹೇಬರು ಹುಳವನ್ನು ನೋಡಿದರು, ನೋಡಲಿಲ್ಲ ಅನ್ನುವ ಹಾಗೆ ಆಕಾಶ ನೋಡಿದರು.

"ನಮ್ಮ ಆವರಣದಲ್ಲಿ ಹುಳ ಇಲ್ಲ," ಅಂದರು.

"ನನ್ನ ಕೈಯಲ್ಲೇ ಇದೆ ಸಾರ್."

"ಅದು ನಿಮ್ಮ ಕೈಯಲ್ಲಿದೆ. ಆವರಣದಲ್ಲಿ ಇಲ್ಲ. ಅರ್ಥ ಆಯ್ತಾ?"

ಅರ್ಥ ಆಯಿತು. ಬಾಟ್ಲಕ್ಕ ಅದನ್ನು ಅಗಲ ಬಾಯಿಯ ಗಾಜಿನ ಜಾಡಿಯಲ್ಲಿಟ್ಟು, ಮೇಲೆ ತೆಳು ಬಟ್ಟೆ ಕಟ್ಟಿ, ಸಂಜೆ ಮನೆಗೆ ತಂದಳು.

ಮನೆಯಲ್ಲಿ ಅತ್ತೆ ಇದ್ದಳು. ವಯಸ್ಸು ಎಂಬತ್ತೊಂದು, ಬೇಕಾದಾಗ ಮಾತ್ರ ಕಿವಿ ಕೇಳುತ್ತಿತ್ತು. ಜಾಡಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಏನು ತಿನ್ನುತ್ತೆ ಇದು?"

"ಗೊತ್ತಿಲ್ಲ ಅತ್ತೆ. ಏನಿಟ್ಟರೂ ಮುಟ್ಟಲ್ಲ."

"ಒಳ್ಳೇದು. ಈ ಮನೆಗೆ ಬಂದವರಲ್ಲಿ ಅದು ಬೇಕು ಇದು ಬೇಕು ಅನ್ನದೆ ಕೂತಿರೋದು ಇದೊಂದೇ."

ಗಂಡ ಅದನ್ನು ಒಂದೇ ನೋಟದಲ್ಲಿ "ಇಕ್ಕಳದ ಹುಳ" ಅಂದ. ಅಲ್ಲಿಂದ ಅದಕ್ಕೆ ಅದೇ ಹೆಸರಾಯಿತು.

ಕೆಮಿಸ್ಟ್ ಮೇಡಂ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅವರು ಗ್ರಂಥಾಲಯದಲ್ಲಿ ಎರಡು ದಿನ ಹುಡುಕಿ ವಿಷಯ ತಂದರು. ಇದು ನೀರಿನ ಹುಳ. ಮರಿಯಾಗಿ ಮೂರು ನಾಲ್ಕು ವರ್ಷ ಹರಿಯುವ ಹಳ್ಳದ ಕಲ್ಲಿನಡಿಯಲ್ಲೇ ಇರುತ್ತದೆ. ರೆಕ್ಕೆ ಬಂದ ಮೇಲೆ ಹೆಚ್ಚೆಂದರೆ ಎರಡು ವಾರದ ಬದುಕು. ಉದ್ದ ಕೊಕ್ಕೆ ಇರುವುದು ಗಂಡು, ಅದರ ಕೈಲಿ ಗಟ್ಟಿಯಾಗಿ ಕಚ್ಚುವುದಕ್ಕೂ ಆಗದು.

"ಇನ್ನೊಂದು ವಿಷಯ ಅಕ್ಕಾ," ಅಂದರು ಮೇಡಂ. "ನೀರು ಸ್ವಲ್ಪ ಕೆಟ್ಟರೂ ಇವು ಸಾಯುತ್ತವಂತೆ. ಇವು ಇದಾವೆ ಅಂದರೆ ನೀರು ಚೊಕ್ಕವಾಗಿದೆ ಅಂತ. ದೀಪ ನೋಡಿಕೊಂಡು ಗುಡ್ಡದ ಆಚೆಯಿಂದ ಬಂದಿರಬೇಕು."

"ನಾಲ್ಕನೇ ನಂಬರಿಂದ," ಅಂದಳು ಬಾಟ್ಲಕ್ಕ.

ಆದರೆ ಗ್ರಂಥಾಲಯಕ್ಕಿಂತ ಕಾವಲುಗಾರನ ಫೋಟೋ ಚುರುಕಾಗಿತ್ತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೇ ಅದು ಊರಿನ ಎಲ್ಲ ಮೊಬೈಲಿಗೂ ಹೋಗಿ ಬಂದಿತ್ತು. ಹೋಗುವಾಗ "ಪಂಪಿನ ಮನೆಯಲ್ಲಿ" ಅಂತಿದ್ದದ್ದು ಬರುವಾಗ "ನಲ್ಲಿಯಿಂದ ಬಂದದ್ದು" ಅಂತಾಗಿತ್ತು. ಹುಳ ಒಂದು ಗೇಣು, ನಲ್ಲಿಯ ಬಾಯಿ ಒಂದು ಬೆರಳಗಲ. ಈ ಲೆಕ್ಕವನ್ನು ಯಾರೂ ಹಾಕಲಿಲ್ಲ. ಜನ ನಲ್ಲಿಗಳಿಗೆ ಬಟ್ಟೆ ಕಟ್ಟಿದರು. ಒಬ್ಬ ನಿವೃತ್ತ ಮೇಷ್ಟ್ರು ಸ್ನಾನ ಬಿಟ್ಟು, ಬಿಟ್ಟದ್ದನ್ನು ಪತ್ರಿಕೆಗೂ ತಿಳಿಸಿದರು. ಗುರುವಾರ ನಲವತ್ತು ಜನ ಕೇಂದ್ರದ ಗೇಟಿಗೆ ಬಂದು ಕೂಗಿದರು. ಆ ದಿನ ಕಾವಲುಗಾರ ಎಂದಿಗಿಂತ ಗಟ್ಟಿಯಾಗಿ ಗೇಟು ಹಿಡಿದು ನಿಂತು, ಫೋಟೋ ಯಾರು ತೆಗೆದರೋ ಏನೋ ಎಂದು ಎಲ್ಲರ ಜೊತೆ ತಾನೂ ಬೈದ.

ಶುಕ್ರವಾರ ದೊಡ್ಡ ಸಾಹೇಬರು, ಹುಳ ಹಳ್ಳದ್ದು ಎಂದು ತಿಳಿದದ್ದೇ ತಡ, ಸಾರ್ವಜನಿಕರ ಹಿತದೃಷ್ಟಿಯಿಂದ ನಾಲ್ಕನೇ ಮಾರ್ಗವನ್ನು ಮುಚ್ಚಿಸಿದರು. ಊರಿನ ಪೂರ್ವ ಭಾಗ ಕುಡಿಯುತ್ತಿದ್ದದ್ದು ಆ ಹಳ್ಳವನ್ನೇ. ಬಾಟ್ಲಕ್ಕನ ಮನೆಯೂ ಆ ಕಡೆಗೇ ಇತ್ತು. ಈಗ ಅಲ್ಲಿಗೆಲ್ಲ ಏಳನೇ ನಂಬರಿನ ಕೆರೆ ನೀರು ತಿರುಗಿಸಿದರು. ಜನರಿಗೆ ಸಮಾಧಾನವಾಯಿತು. ಮೇಷ್ಟ್ರು ಸ್ನಾನ ಶುರು ಮಾಡಿದರು.

ಬಾಟ್ಲಕ್ಕ ಮೇಡಂ ಮೇಜಿನ ಹತ್ತಿರ ಹೋಗಿ ನಿಂತಳು. "ನೀವು ಹೇಳಬಹುದಲ್ಲಾ ಮೇಡಂ? ನಿಮ್ಮ ಹತ್ತಿರ ಲೆಕ್ಕ ಇರುತ್ತಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ನಾನು ಕೊಡೋದು ಏಳು ಲೆಕ್ಕ ಅಕ್ಕಾ. ಸಾಹೇಬರು ಏಳನ್ನೂ ಕೂಡಿ ಏಳರಿಂದ ಭಾಗಿಸಿ ಒಂದು ಲೆಕ್ಕ ಮೇಲಕ್ಕೆ ಕಳಿಸ್ತಾರೆ. ಆ ಒಂದರಲ್ಲಿ ಎಲ್ಲ ನೀರೂ ಚೆನ್ನಾಗೇ ಇರುತ್ತೆ. ಎರಡು ಸಲ ಬಾಯಿಬಿಟ್ಟು ಹೇಳಿದೆ. ನನ್ನ ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತೆ ಅಂತ ವಿಚಾರಿಸಿದರು."

ಬಾಟ್ಲಕ್ಕ ಸಿಂಕಿಗೆ ಹೋಗಿ ಬ್ರಷ್ ಕೈಗೆತ್ತಿಕೊಂಡಳು.

ಇಕ್ಕಳದ ಹುಳ ಜಾಡಿಯಲ್ಲಿ ಎಂಟು ದಿನ ಇತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಮಗುಚಿಕೊಂಡು ಬಿದ್ದಿತ್ತು. ಅತ್ತೆ ಆ ದಿನ ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಗಂಡ ಕಿಟಕಿ ಮಾಡಿ ಮಿಕ್ಕಿದ್ದ ತೇಗದ ಪಟ್ಟಿಯಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆ ಮಾಡಿಕೊಟ್ಟ. ಮೂಲೆಯ ಜೋಡಣೆ ಗಿರಾಕಿಗಳಿಗೆ ಮಾಡುವುದಕ್ಕಿಂತ ಚೆನ್ನಾಗಿತ್ತು. ಹದಿನೈದು ದಿನದಲ್ಲಿ ಎಲ್ಲಿಂದಲೋ ಇರುವೆ ನುಗ್ಗಿ, ರೆಕ್ಕೆ ಮತ್ತು ಕೊಕ್ಕೆ ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿದವು. ಆ ವಿಷಯವನ್ನು ಯಾರೂ ಅತ್ತೆಗೆ ಹೇಳಲಿಲ್ಲ. ಹೇಳುವ ಪರಿಸ್ಥಿತಿಯೂ ಇರಲಿಲ್ಲ, ಯಾಕೆಂದರೆ ಆ ವಾರ ಅತ್ತೆ ಆಸ್ಪತ್ರೆಯಲ್ಲಿದ್ದಳು.

ಶುರುವಾದದ್ದು ಹೊಟ್ಟೆನೋವಿನಿಂದ. ಎರಡೇ ದಿನಕ್ಕೆ ಮುದುಕಿ ಹಿಂಡಿದ ಬಟ್ಟೆಯ ಹಾಗಾದಳು. ಬಾಟ್ಲಕ್ಕ ನೀರು ಕುದಿಸಿಯೇ ಇಡುತ್ತಿದ್ದಳು. ಆದರೆ ಕುದಿಸಿದ್ದು ಸಪ್ಪೆ ಅಂತ ಅತ್ತೆ ಯಾರೂ ನೋಡದಾಗ ನಲ್ಲಿಯದನ್ನೇ ಹಿಡಿದುಕೊಂಡು ಕುಡಿಯುತ್ತಿದ್ದಳು. ಆಸ್ಪತ್ರೆಯ ವಾರ್ಡಿನಲ್ಲಿ ಇಪ್ಪತ್ತು ಮಂಚ. ಅತ್ತೆಯ ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದ ಮೇಲೆ ಬಾಟ್ಲಕ್ಕ ಸುತ್ತ ನೋಡಿದಳು. ಅತ್ತೆಯದೂ ಸೇರಿ ಹನ್ನೊಂದು ಮಂಚದ ಮೇಲೆ ಗುರುತಿನ ಮುಖಗಳಿದ್ದವು. ಎಲ್ಲರೂ ಪೂರ್ವ ಭಾಗದವರು. ಒಂದರಲ್ಲಿ ಪಕ್ಕದ ಬೀದಿಯ ದರ್ಜಿಯ ಮಗಳು, ಆರು ವರ್ಷದವಳು, ಕಣ್ಣು ಗುಳಿಬಿದ್ದು ಮಲಗಿದ್ದಳು.

"ಯಾಕೆ ಹಾಗೆ ನೋಡ್ತೀಯ?" ಅಂದಳು ಅತ್ತೆ, ಸೋತ ದನಿಯಲ್ಲಿ. "ನಾನಿನ್ನೂ ಹೋಗಿಲ್ಲ."

"ನಿಮ್ಮನ್ನ ನೋಡ್ತಿಲ್ಲ ಅತ್ತೆ. ಎಣಿಸ್ತಿದೀನಿ."

ಮಾರನೆಯ ದಿನ ಬಾಟ್ಲಕ್ಕ ಕೆಲಸಕ್ಕೆ ಹೋಗಿ ಐದು ಬಾಟಲಿ ತೊಳೆದಳು. ನಾಲ್ಕನೆಯದನ್ನೂ ಏಳನೆಯದನ್ನೂ ನೀರು ಚೆಲ್ಲಿ, ತೊಳೆಯದೆ, ಕಿಟಕಿಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಳು. ಹಳ್ಳ ಮುಚ್ಚಿಯೂ ನಾಲ್ಕನೆಯದರ ಮಾದರಿ ಹೇಗೆ ಬರುತ್ತಿತ್ತು ಎಂದರೆ, ಮಾರ್ಗ ಮುಚ್ಚುವ ಆದೇಶ ಬಂದಿತ್ತೇ ಹೊರತು ಮಾದರಿ ತರುವುದನ್ನು ನಿಲ್ಲಿಸುವ ಆದೇಶ ಬಂದಿರಲಿಲ್ಲ.

"ಇವೆರಡು ಉಳಿದುಹೋದವಲ್ಲಾ ಅಕ್ಕಾ," ಅಂದರು ಮೇಡಂ.

"ಉಳಿದಿಲ್ಲ ಮೇಡಂ. ಉಳಿಸಿದೀನಿ."

ಮೇಡಂ ಬಾಟಲಿಗಳನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ತಮ್ಮ ಕುರ್ಚಿಯನ್ನು ಕಿಟಕಿಗೆ ಬೆನ್ನಾಗುವ ಹಾಗೆ ತಿರುಗಿಸಿಕೊಂಡು ಕೂತರು.

ಬಾಟ್ಲಕ್ಕ ಬೀರುವಿನಿಂದ ಹೊಸ ಬಾಟಲಿ ತೆಗೆದು ಕೊಡುತ್ತಾ ಹೋದಳು. ಒಂಬತ್ತು ದಿನಕ್ಕೆ ಕಟ್ಟೆಯ ಮೇಲೆ ಹದಿನೆಂಟು ಬಾಟಲಿ ಆದವು. ಎಡಗಡೆ ಒಂಬತ್ತು ಬಿಸಿಲಲ್ಲಿ ಹೊಸ ಗಾಜಿನ ಹಾಗೆ ಹೊಳೆಯುತ್ತಿದ್ದವು. ಬಲಗಡೆ ಒಂಬತ್ತರ ಒಳಗೆ ಲೋಳೆ ಹಸಿರಾಗಿ, ಹಸಿರು ಕಪ್ಪಾಗಿ, ಮೊದಲನೆಯದು ನಾರುವುದಕ್ಕೂ ಶುರುವಾಗಿತ್ತು. ಹತ್ತನೆಯ ದಿನ ಬೀರು ಖಾಲಿಯಾಯಿತು. ಮಾದರಿ ತರುವವನು ಏಳು ಬಾಟಲಿ ಕೇಳಿದರೆ ಐದು ಸಿಕ್ಕವು. ಅವನು ಹೋಗಿ ಸಾಹೇಬರಿಗೆ ಹೇಳಿದ.

ದೊಡ್ಡ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಪ್ರಯೋಗಾಲಯಕ್ಕೆ ಬಂದರು.

"ಇದೇನಿದು?"

"ಬಾಟ್ಲಿ ಸಾರ್."

"ಅದು ಕಾಣ್ತಿದೆ. ಯಾಕೆ ತೊಳೆದಿಲ್ಲ?"

"ಎಲ್ಲಾರೂ ನೋಡಲಿ ಅಂತ ಸಾರ್. ತೊಳೆದರೆ ಎರಡೂ ಒಂದೇ ಥರ ಕಾಣ್ತವೆ."

ಸಾಹೇಬರು ಕರವಸ್ತ್ರ ತೆಗೆಯದೆ ತಮ್ಮ ಕೋಣೆಗೆ ಹೋದರು. ಸಂಜೆಯೊಳಗೆ ನೋಟಿಸು ಕಳಿಸಿದರು. ಕರ್ತವ್ಯಲೋಪ ಎಸಗಿದ್ದೀರಿ, ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು, ಮೂರು ದಿನದಲ್ಲಿ ಲಿಖಿತ ಸಮಜಾಯಿಷಿ ಕೊಡತಕ್ಕದ್ದು.

ಇಷ್ಟು ವರ್ಷದಲ್ಲಿ ಅವಳಿಗೆ ಬಂದ ಮೊದಲ ಕಾಗದ ಅದು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು ಕೂತಳು. ಬೆವರಿಗೆ ಪೆನ್ನು ಜಾರುತ್ತಿತ್ತು. ಗಂಡ ಎದುರಿಗೆ ಬಂದು ಕೂತ.

"ಏನು ಬರೀಲಿ? ನನಗೆ ಬರೆಯೋದು ಬರಲ್ಲ."

"ಬಾಗಿಲ ಚೌಕಟ್ಟು ಮಾಡಿದ ಹಾಗೆ ಬರಿ," ಅಂದ. "ಮೊದಲು ಅಳತೆ. ಆಮೇಲೆ ಎಲ್ಲಿ ಸೊಟ್ಟ ಇದೆ ಅದು. ಹೂವು ಬಳ್ಳಿ ಕೆತ್ತೋಕೆ ಹೋಗಬೇಡ."

ಆಸ್ಪತ್ರೆಯಿಂದ ಬಂದು ಒಳಕೋಣೆಯಲ್ಲಿ ಮಲಗಿದ್ದ ಅತ್ತೆಗೆ ಆ ದಿನ ಕಿವಿ ಸ್ಪಷ್ಟವಾಗಿ ಕೇಳುತ್ತಿತ್ತು. "ಆ ಸಾಹೇಬನಿಗೆ ಒಂದು ಲೋಟ ಕುಡಿಸ್ತೀನಿ ಅಂತ ಬರಿ!" ಅಂತ ಕೂಗಿದಳು. ಅದನ್ನು ಬರೆಯಲಿಲ್ಲ.

ಬರೆದದ್ದು ಇಷ್ಟು:

"ನಾನು ಇಪ್ಪತ್ತಾರು ವರ್ಷದಿಂದ ದಿನಕ್ಕೆ ಏಳು ಬಾಟಲಿ ತೊಳೆಯುತ್ತಿದ್ದೇನೆ. ನಾಲ್ಕನೆಯದಕ್ಕೆ ಒಂದು ಸಲ ಬ್ರಷ್ ಸಾಕು, ಅದೂ ನಿಯಮಕ್ಕಾಗಿ. ಏಳನೆಯದಕ್ಕೆ ಮೊದಲು ಮೂರು ಸಲ ಬೇಕಿತ್ತು. ಕಳೆದ ವರ್ಷ ಕಾಲೋನಿಯಲ್ಲಿ ಚರಂಡಿ ಅಗೆದ ಮೇಲಿಂದ ಐದು ಸಲ ಬೇಕು. ಈಗ ಪೂರ್ವ ಭಾಗಕ್ಕೆಲ್ಲ ಏಳನೆಯದನ್ನು ಕೊಡುತ್ತಿದ್ದಾರೆ. ಆಸ್ಪತ್ರೆಯಲ್ಲಿ ನನ್ನ ಅತ್ತೆಯನ್ನು ಸೇರಿಸಿ ಹನ್ನೊಂದು ಜನರನ್ನು ನೋಡಿದೆ. ಬಂದ ಹುಳ ನಾಲ್ಕನೆಯದರದು. ಅದು ಯಾರಿಗೂ ಏನೂ ಮಾಡಲಿಲ್ಲ, ನಮ್ಮ ಮನೆಯಲ್ಲಿ ಎಂಟು ದಿನ ಇತ್ತು. ಎರಡರ ಬಾಟಲಿಗಳನ್ನೂ ತೊಳೆಯದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟದ್ದು ನಿಜ. ಅದು ನನ್ನ ತಪ್ಪು. ಅವನ್ನು ಯಾರಾದರೂ ಬಂದು ನೋಡಿದ ಮೇಲೆ ತೊಳೆಯುತ್ತೇನೆ."

ನೋಟಿಸಿಗೆ ಬಂದ ಸಮಜಾಯಿಷಿಯ ಒಂದು ಪ್ರತಿ ಮೇಲಿನ ಕಚೇರಿಗೆ ಹೋಗಬೇಕು ಅನ್ನುವುದು ನಿಯಮ. ಗುಮಾಸ್ತ ಅದನ್ನು ಸಾಹೇಬರ ಮುಂದಿಟ್ಟಾಗ, ಬಾಟಲಿ ತೊಳೆಯುವವಳು ಏನು ಬರೆದಾಳು ಎಂದು ಅವರು ಓದದೆ ಸಹಿ ಹಾಕಿದರು. ಏಳನ್ನು ಒಂದು ಮಾಡಿ ಕಳಿಸುವ ಸಾಹೇಬರ ಕೈಯಿಂದ ಒಂದು ಕಾಗದ ಇದ್ದದ್ದು ಇದ್ದ ಹಾಗೆ ಮೇಲಕ್ಕೆ ಹೋದದ್ದು ಅದೇ ಮೊದಲು.

ಇಪ್ಪತ್ತೆರಡು ದಿನ ಏನೂ ಆಗಲಿಲ್ಲ. ಬಾಟ್ಲಕ್ಕ ದಿನವೂ ಬಂದಷ್ಟನ್ನು ತೊಳೆದಳು. ಹೊಸ ಬಾಟಲಿ ತರಿಸಿದರು, ಹದಿನೆಂಟು ಮಾತ್ರ ಕಟ್ಟೆಯ ಮೇಲೇ ಉಳಿದವು. ತೊಳೆಯಿರಿ ಎಂದು ಲಿಖಿತವಾಗಿ ಆದೇಶ ಕೊಟ್ಟರೆ ಅದಕ್ಕೂ ಅವಳು ಲಿಖಿತ ಉತ್ತರ ಕೊಟ್ಟಾಳು ಎಂದು ಗುಮಾಸ್ತ ಹೆದರಿದ್ದ. ಸಾಯಂಕಾಲ ಅವಳು ಅಕ್ಕಪಕ್ಕದ ಮನೆಗಳಿಗೆ ಹೋಗಿ, ಕುದಿಸದೆ ಕುಡಿಯಬೇಡಿ ಅಂತ ಹೇಳಿಬರುತ್ತಿದ್ದಳು. ಕೆಲವರು ಕೇಳಿದರು. ಕೆಲವರು, ಆ ಹುಳ ಸಾಕಿದವಳು ನಮಗೆ ಬುದ್ಧಿ ಹೇಳೋಕೆ ಬಂದಳು ಅಂದರು. ದರ್ಜಿಯ ಮಗಳು ಹುಷಾರಾಗಿ ಮನೆಗೆ ಬಂದಳು.

ಇಪ್ಪತ್ಮೂರನೆಯ ದಿನ ಮೇಲಿನ ಕಚೇರಿಯಿಂದ ಇಬ್ಬರು ಬಂದರು. ಬೋಳುತಲೆಯ ಗಂಡಸು ಮತ್ತು ಬೂಟು ಹಾಕಿದ ಹೆಂಗಸು. ಸಾಹೇಬರು ಅವರನ್ನು ತಮ್ಮ ಕೋಣೆಗೆ ಕರೆದರು. ಬೂಟಿನ ಹೆಂಗಸು ಮಾತ್ರ ನೇರವಾಗಿ ಪ್ರಯೋಗಾಲಯಕ್ಕೆ ಬಂದು, "ಕಿಟಕಿ ಯಾವುದು?" ಅಂತ ಕೇಳಿದಳು. ತೋರಿಸುವ ಅಗತ್ಯ ಇರಲಿಲ್ಲ, ವಾಸನೆಯೇ ದಾರಿ ತೋರಿಸಿತು. ಅವಳು ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಐದು ಸಲ ಬ್ರಷ್ ಬೇಕು ಅಂತ ಬರೆದವರು ನೀವಾ?"

"ಹೌದು ಮೇಡಂ. ಈಗ ಆರು ಬೇಕಾಗಬಹುದು."

ಕೆಮಿಸ್ಟ್ ಮೇಡಂ ಎದ್ದು ಬಂದು, ಯಾರೂ ಕೇಳದಿದ್ದರೂ, ಕೆಲಸಕ್ಕೆ ಸೇರಿದಾಗಿನಿಂದ ದಿನದ ಏಳೇಳು ಲೆಕ್ಕ ಬರೆದಿದ್ದ ತಮ್ಮ ಸ್ವಂತ ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಮೂರು ದಿನ ಅಗೆದರು. ಕಾಲೋನಿಯ ಚರಂಡಿಯ ಕೊಳವೆ ಕೆರೆಯ ಅಂಚಿನಲ್ಲಿ ಒಡೆದಿತ್ತು. ಅಗೆತದ ಗುತ್ತಿಗೆದಾರ ಅದನ್ನು ಮಣ್ಣು ಮುಚ್ಚಿ ಹೋಗಿದ್ದ. ಅದಾದ ವಾರಕ್ಕೆ ಪತ್ರಿಕೆಯಲ್ಲಿ ಸಾಹೇಬರ ಪ್ರಕಟಣೆ ಬಂತು: ಹಳ್ಳದ ಮಾರ್ಗದ ವಾರ್ಷಿಕ ನಿರ್ವಹಣಾ ಕಾಮಗಾರಿ ಯಶಸ್ವಿಯಾಗಿ ಮುಗಿದಿದ್ದು, ನೀರು ಎಂದಿನಂತೆ ಬಿಡಲಾಗುವುದು. ಹುಳದ ಮಾತೂ ಇರಲಿಲ್ಲ, ಚರಂಡಿಯ ಮಾತೂ ಇರಲಿಲ್ಲ. ಮೂರು ತಿಂಗಳಲ್ಲಿ ಸಾಹೇಬರಿಗೆ ವರ್ಗವಾಯಿತು, ಇದಕ್ಕಿಂತ ದೊಡ್ಡ ಊರಿಗೆ.

ಬಾಟ್ಲಕ್ಕನಿಗೂ ಒಂದು ಕಾಗದ ಬಂತು. ಬಾಟಲಿ ತೊಳೆಯದೆ ಇದ್ದುದನ್ನು ಅವಳೇ ಒಪ್ಪಿಕೊಂಡಿರುವುದರಿಂದ ಎಚ್ಚರಿಕೆ ನೀಡಿ, ಅದನ್ನು ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ. ಅವಳು ಅದನ್ನು ಎರಡು ಸಲ ಓದಿ, ಮಡಚಿ ಇಟ್ಟು, ಸಿಂಕಿನ ಹತ್ತಿರ ಹೋಗಿ ಆ ಹದಿನೆಂಟು ಬಾಟಲಿಗಳನ್ನು ತೊಳೆಯುವುದಕ್ಕೆ ನಿಂತಳು. ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟುಕೊಂಡಿದ್ದಳು. ಒಳಗೆ ಬಂದ ಕೆಮಿಸ್ಟ್ ಮೇಡಂ ಅವಳ ಭುಜ ಅಲುಗುವುದನ್ನು ನೋಡಿ, ಇನ್ನೊಂದು ಬ್ರಷ್ ತೆಗೆದುಕೊಂಡು ಪಕ್ಕದಲ್ಲಿ ನಿಂತರು. ಸಂಜೆವರೆಗೆ ಇಬ್ಬರೂ ತೊಳೆದರು.

ಬೇರೆ ಕೆಮಿಸ್ಟ್ ಸಿಗದ ಕಾರಣ ಮೇಡಂ ಕಾಂಟ್ರಾಕ್ಟ್ ಇನ್ನೊಂದು ವರ್ಷ ಮುಂದುವರಿಯಿತು. ಅದು ಗೊತ್ತಾದ ಮೊದಲ ಭಾನುವಾರ ಅವರು ಬಾಟ್ಲಕ್ಕನ ಮನೆಗೆ ಬಂದು, "ಅಕ್ಕಾ, ನಡೀರಿ, ಗುಡ್ಡ ಹತ್ತೋಣ," ಅಂದರು. ಗಂಡ ಬುತ್ತಿ ಕಟ್ಟಿಕೊಟ್ಟ. ತನ್ನನ್ನೂ ಕರೆದುಕೊಂಡು ಹೋಗಿ ಅಂತ ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಬಂದು, ಬಿಸಿಲು ನೋಡಿ ವಾಪಸು ಹೋದಳು.

ಒಂದೂವರೆ ತಾಸಿನ ದಾರಿ. ಹಳ್ಳ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು, ಹೆಚ್ಚೆಂದರೆ ಒಂದು ಬೀದಿಯಷ್ಟು ಅಗಲ. ಕಲ್ಲಿನಿಂದ ಕಲ್ಲಿಗೆ ಬಿದ್ದು ಸದ್ದು ಮಾಡುತ್ತಾ ಹೋಗುತ್ತಿತ್ತು. ಅದು ಇಷ್ಟು ಸದ್ದು ಮಾಡುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಬಾಟಲಿಯಲ್ಲಿ ಬರುವಾಗ ಅದು ಸುಮ್ಮನೆ ಬರುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಮೊಣಕಾಲವರೆಗೆ ಇಳಿದು ನಿಂತಳು. ದಡದ ಬಂಡೆಯೊಂದರ ಮೇಲೆ, ನೀರಿನಿಂದ ಮೊಳದೆತ್ತರದಲ್ಲಿ, ಸುಣ್ಣ ಸಿಡಿದ ಹಾಗೆ ಬಿಳಿ ಮಚ್ಚೆಗಳಿದ್ದವು. ಅದು ಹೆಣ್ಣು ಇಟ್ಟ ಮೊಟ್ಟೆ ಅಂದರು ಮೇಡಂ. ಒಡೆದು ಬಂದ ಮರಿಗಳು ನೇರ ನೀರಿಗೆ ಬೀಳುತ್ತವಂತೆ.

ಬಾಟ್ಲಕ್ಕ ಬಗ್ಗಿ ಒಂದು ಚಪ್ಪಟೆ ಕಲ್ಲನ್ನು ಎತ್ತಿದಳು. ಅದರ ಅಡಿಯಲ್ಲಿ ಬೆರಳುದ್ದದ ಕರಿಯ ಹುಳ, ಮೈತುಂಬ ಕಾಲಿನಂಥ ಎಳೆಗಳು, ಚೂರೂ ಚೆಲುವಿಲ್ಲದ್ದು. ಅವಳು ಬೆರಳು ಚಾಚಿದಳು. ಗೋಡೆಯ ಮೇಲಿದ್ದ ಗಂಡಿನ ಹಾಗೆ ಇದು ಸುಮ್ಮನೆ ಹಿಡಿಯಲಿಲ್ಲ. ರಕ್ತ ಬರುವ ಹಾಗೆ ಕಚ್ಚಿತು.

"ಅಯ್ಯೋ, ನೋವಾಯ್ತಾ ಅಕ್ಕಾ?"

"ಆಯ್ತು." ಅವಳು ಕಲ್ಲನ್ನು ಮೊದಲಿದ್ದ ಹಾಗೆಯೇ, ಮೂಲೆ ಸರಿಯಾಗಿ ಕೂರುವ ಹಾಗೆ ಇಟ್ಟಳು. "ಯಾರಿಗೂ ಹೇಳಬೇಡಿ ಮೇಡಂ. ಮತ್ತೆ ಮುಚ್ಚಿಬಿಡ್ತಾರೆ."

ಮೇಡಂ ನಗುತ್ತಾ ತಮ್ಮ ಕರವಸ್ತ್ರ ಹರಿದು ಅವಳ ಬೆರಳಿಗೆ ಕಟ್ಟಿದರು. ಇಬ್ಬರೂ ಬಂಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ಗಂಡ ನೀರು ಕಟ್ಟುವುದನ್ನು ಮರೆತಿದ್ದ, ಅದಕ್ಕೆ ಅಲ್ಲಿಯದನ್ನೇ ಬೊಗಸೆಯಲ್ಲಿ ಕುಡಿದು, ಇಳಿಬಿಸಿಲಾಗುವ ಮೊದಲು ಗುಡ್ಡ ಇಳಿದರು.